ಎರಡನೆಯ ಟ್ಯೂಬು

ಕಣ್ಣೀರನ್ನು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಮೊನ್ನೆ ಮೊಮ್ಮಗಳು ಪತ್ರಿಕೆ ಹಿಡಿದುಕೊಂಡು ಬಂದು ಎದುರು ಕೂತು ಓದಿದಳು. ಈಗಿನ ದೊಡ್ಡ ದೊಡ್ಡ ಔಷಧಗಳಿಗೂ ಜಗ್ಗದ ಕ್ರಿಮಿಗಳು ಹುಟ್ಟಿಕೊಂಡಿವೆಯಂತೆ, ಮನುಷ್ಯನ ಕಣ್ಣೀರಿನಲ್ಲೇ ಕ್ರಿಮಿಯನ್ನು ಕೊಲ್ಲುವ ಗುಣ ಇದೆಯಂತೆ, ಅದರಿಂದ ಏನಾದರೂ ದಾರಿ ಸಿಕ್ಕೀತೇ ಎಂದು ತಿಳಿದವರು ಯೋಚಿಸುತ್ತಿದ್ದಾರಂತೆ. ಅವಳ ಮುಖ ಅರಳಿತ್ತು. ನಾನು, ‘ಅರ್ಧ ಓದಿ ಕುಣಿಯಬೇಡ, ಪೂರ್ತಿ ಓದು’ ಎಂದು ಗದರಿಬಿಟ್ಟೆ. ಪಾಪ, ಅವಳು ಪೂರ್ತಿಯೇ ಓದಿದ್ದಳು. ಅರ್ಧ ಹೇಳಿ ಕುಣಿದವನು ನಾನು. ಅದೂ ಐವತ್ತು ವರ್ಷದ ಹಿಂದೆ.

ಆಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಇಪ್ಪತ್ತರ ದಶಕದ ನಡುವಿನ ವರ್ಷಗಳು. ಬೆಳಗಾವಿಯ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ ಎರಡು ಕೋಣೆಯ ಪ್ರಯೋಗಾಲಯವಿತ್ತು. ಅಲ್ಲಿ ಗಾಜಿನ ಸಾಮಾನು ತೊಳೆಯುವುದು, ಕುದಿಸುವುದು, ಒಣಗಿಸುವುದು, ಚೀಟಿ ಅಂಟಿಸುವುದು ನನ್ನ ಕೆಲಸ. ಊರಿಗೆ ಹೋದರೆ ಮಾತ್ರ ನಾನು ಅರ್ಧ ಡಾಕ್ಟರ. ‘ದವಾಖಾನ್ಯಾಗ ಅದಾನ’ ಎಂದು ಅಕ್ಕ ಹೇಳಿಕೊಳ್ಳುತ್ತಿದ್ದಳು, ನಾನು ಬಾಯಿ ಮುಚ್ಚಿಕೊಂಡು ಆ ಗೌರವ ತಿನ್ನುತ್ತಿದ್ದೆ. ವಡಗಾವಿಯಲ್ಲಿ ಒಬ್ಬ ನೇಕಾರರ ಮನೆಯ ಮೇಲೆ ಬಾಡಿಗೆ ಕೋಣೆ. ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಮಗ್ಗ ನಿಂತಿತೆಂದರೆ ಹೊತ್ತು ಮುಳುಗಿತು ಎಂದು ಅರ್ಥ. ಅಷ್ಟರೊಳಗೆ ನನ್ನ ಊಟ ಮುಗಿದಿರಬೇಕು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ, ನಮ್ಮ ಮನೆಯಲ್ಲಂತೂ ನೀರನ್ನೂ ಕುಡಿಯುತ್ತಿರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸದೆ ಮುಟ್ಟುವುದಿಲ್ಲ. ಸೋಸಿದ ಬಟ್ಟೆಯನ್ನು ತಿರುವಿ ಹಾಕಿ, ಅದರಲ್ಲಿ ಸಿಕ್ಕ ಜೀವಗಳನ್ನು ಮತ್ತೆ ಬಾವಿಗೇ ಬಿಡಬೇಕು. ಉಳ್ಳಾಗಡ್ಡಿ ಬೆಳ್ಳುಳ್ಳಿ ಹೊಸ್ತಿಲೊಳಗೆ ಬರುವುದಿಲ್ಲ. ಇಂಥ ಮನೆಯ ಹುಡುಗ ಕ್ರಿಮಿ ಬೆಳೆಸುವ ಮಾಂಸದ ಸಾರಿನ ಪಾತ್ರೆ ತೊಳೆಯುತ್ತಾನೆ ಎಂದು ಗೊತ್ತಾಗಿದ್ದರೆ ಅಕ್ಕ ಏನೆನ್ನುತ್ತಿದ್ದಳೋ. ನಾನು ಹೇಳಲಿಲ್ಲ. ದಿನಾ ಸಂಜೆ ಬಾವಿಯ ಹತ್ತಿರ ಎರಡು ಕೊಡ ನೀರು ತಲೆಯ ಮೇಲೆ ಸುರಿದುಕೊಂಡು ಕೋಣೆಗೆ ಹತ್ತುತ್ತಿದ್ದೆ. ಹೇಳದೆ ಇರುವುದು ನನಗೆ ಆಗಲೇ ರೂಢಿಯಾಗಿತ್ತು.

ನಮ್ಮ ಡಾಕ್ಟರು ವಯಸ್ಸಾದವರು. ಕಣ್ಣಿನ ರೋಗಿಗಳನ್ನು ನೋಡುತ್ತಿದ್ದರು, ಬಿಡುವಾದಾಗ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರು. ವಿಲಾಯತಿಯಿಂದ ಹಡಗಿನಲ್ಲಿ ಬರುವ ವೈದ್ಯರ ಪತ್ರಿಕೆಗಳು ಅವರ ಕೈ ಸೇರುವ ಹೊತ್ತಿಗೆ ಹಳೆಯವಾಗಿರುತ್ತಿದ್ದವು. ಆದರೂ ಹೊಸ ಮದುವೆಯ ಪತ್ರ ಬಂದಂತೆ ಬಿಚ್ಚುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಬಿಚ್ಚಿ ಓದಿ, ನನ್ನನ್ನು ಕರೆದರು.

‘ಬಾರಪಾ ಇಲ್ಲೆ. ಇವತ್ತ ನೀ ಅಳಬೇಕು.’

‘ಯಾಕ್ರಿ? ನನ್ನಿಂದ ಏನರ ತಪ್ಪಾತೇನ್ರಿ?’

‘ತಪ್ಪ ಏನಿಲ್ಲೋ. ಕಣ್ಣೀರಿನಾಗ ಕ್ರಿಮಿ ಕರಗತಾವ ಅಂತ ವಿಲಾಯತಿ ಡಾಕ್ಟರ ಒಬ್ಬಾಂವ ಬರದಾನ. ಖರೇನೋ ಸುಳ್ಳೋ ನೋಡೂಣು.’

ಮೊದಲು ನಿಂಬೆಯ ಸಿಪ್ಪೆ ಹಿಂಡಿ ನೋಡಿದರು. ಕಣ್ಣು ಉರಿಯಿತೇ ಹೊರತು ಎರಡು ಹನಿ ಮೇಲೆ ಬರಲಿಲ್ಲ. ಆಮೇಲೆ ಆಸ್ಪತ್ರೆಯ ಸಿಪಾಯಿ ಹೋಗಿ ಒಂದು ಉಳ್ಳಾಗಡ್ಡಿ ತಂದ. ಅದನ್ನು ಕಂಡೊಡನೆ ನಾನು ರೂಢಿಯಂತೆ ಎರಡು ಹೆಜ್ಜೆ ಹಿಂದೆ ಸರಿದೆ. ‘ತಿನ್ನೂದಲ್ಲೋ, ಬರೇ ಮೂಗಿನ ಮುಂದ ಹಿಡಿಯೂದು’ ಎಂದು ಡಾಕ್ಟರು ನಕ್ಕರು. ಹೋಳು ಮಾಡಿ ಹಿಡಿದದ್ದೇ ತಡ, ನನ್ನ ಕಣ್ಣು ಮೂಗು ಎರಡೂ ಹರಿಯತೊಡಗಿದವು. ಸಿಪಾಯಿ ಗಾಜಿನ ಕೊಳವೆ ಹಿಡಿದು ಹನಿ ಹಿಡಿಯುತ್ತ, ‘ಹುಟ್ಟಿದಾಗಿಂದ ಉಳ್ಳಾಗಡ್ಡಿ ಕಾಣದ ಕಣ್ಣ ನೋಡ್ರಿ ಸಾಹೇಬರ, ನಮ್ಮ ಓಣಿ ಬಾವಿಗಿಂತ ಚಲೋ ಐತಿ’ ಎಂದ.

ಎರಡು ಗಾಜಿನ ಟ್ಯೂಬುಗಳಿದ್ದವು. ಮೊದಲನೆಯದರಲ್ಲಿ ಗಾಳಿಯ ಧೂಳಿನಿಂದ ಬೆಳೆಸಿದ ಒಂದು ನಿರುಪದ್ರವಿ ಕ್ರಿಮಿ. ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ನನ್ನ ಕಣ್ಣೀರಿನ ಹನಿ ಹಾಕಿ ಡಾಕ್ಟರು ಅದನ್ನು ನನ್ನ ಕೈಗೇ ಕೊಟ್ಟು, ಮುಷ್ಟಿಯಲ್ಲಿ ಬೆಚ್ಚಗೆ ಹಿಡಿ ಎಂದರು. ಸ್ವಲ್ಪ ಹೊತ್ತಿಗೆ ಬೆರಳು ತೆರೆದು ನೋಡಿದೆ. ಮಬ್ಬು ಹೋಗಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅದರಾಚೆ ನನ್ನ ಅಂಗೈಯ ಗೆರೆಗಳು ಕಂಡವು. ಯಾರೂ ಕೊಡದ, ಯಾವ ಅಂಗಡಿಯಲ್ಲೂ ಇಲ್ಲದ ಔಷಧ ನನ್ನ ಕಣ್ಣಿನಲ್ಲಿತ್ತು.

ಎರಡನೆಯ ಟ್ಯೂಬಿನಲ್ಲಿ ಒಬ್ಬ ರೋಗಿಯ ಕೀವುಗಟ್ಟಿದ ಕಣ್ಣಿನಿಂದ ತೆಗೆದು ಬೆಳೆಸಿದ ಕ್ರಿಮಿ. ಅದಕ್ಕೂ ಹನಿ ಹಾಕಿದರು. ಅದನ್ನೂ ನಾನು ಮುಷ್ಟಿಯಲ್ಲಿ ಹಿಡಿದೆ. ಒಂದು ತಾಸಾಯಿತು, ಎರಡು ತಾಸಾಯಿತು. ಮಬ್ಬು ಮಬ್ಬಾಗಿಯೇ ಇತ್ತು.

ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಬಡಪಾಯಿಗೋಳ್ನ ಹೊಡಿಯೂದು ಯಾರಿಗೂ ಬರತೈತಿ. ಇಂವ ಪೈಲ್ವಾನ. ನಿನ್ನ ಕಣ್ಣೀರಿಗೆ ಇಂವ ಏನೂ ಅಂಜೂದಿಲ್ಲ’ ಎಂದರು. ಆಮೇಲೆ ಎರಡೂ ಟ್ಯೂಬುಗಳನ್ನು ನಾನೇ ಕುದಿಸಿ ತೊಳೆದೆ. ಎರಡನ್ನೂ ಒಂದೇ ಹಲಗೆಯ ಮೇಲೆ ಬೋರಲು ಹಾಕಿದೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾದಿ ನನಗಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮ ಅವ್ವ ಪ್ಲೇಗಿನಲ್ಲಿ ಹೋದಾಗ ನಾನು ಇನ್ನೂ ಸೊಂಟದ ಮೇಲಿನ ಕೂಸು. ಅಕ್ಕನ ಸೊಂಟವೇ ನನಗೆ ಅವ್ವನ ಸೊಂಟ. ಖಾನಾಪುರಕ್ಕೆ, ನಂದಗಡದ ಹಾದಿಯಲ್ಲಿದ್ದ ಒಂದು ಭತ್ತದ ಒಕ್ಕಲುತನದ ಮನೆಗೆ ಅವಳನ್ನು ಕೊಟ್ಟರು. ಅವಳಿಗೆ ಮಕ್ಕಳಾಗಲಿಲ್ಲ. ಸಾಲೆಯ ರಜೆಗಳೆಲ್ಲ ನನಗೆ ಅಲ್ಲೇ. ಆ ಮನೆಯಲ್ಲಿ ಭಾವ, ಅಕ್ಕ, ಅವಳ ಅತ್ತೆ, ಮೂರೇ ಜನ. ಅಕ್ಕನ ಕಣ್ಣು ಬಹಳ ಚುರುಕು. ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂತಳೆಂದರೆ ಒಂದು ನುಸಿ, ಒಂದು ಸಣ್ಣ ಹುಳ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿತ್ತಲಲ್ಲಿ ಬಿಟ್ಟು ಬರುತ್ತಿದ್ದಳು. ‘ನಿನ್ನ ಸೊಸಿ ಕಣ್ಣಿಗೆ ಬಿದ್ದ ಜೀವ ಪುಣ್ಯವಂತ’ ಎಂದು ನೆರೆಯವರು ಅತ್ತೆಗೆ ಹೇಳುತ್ತಿದ್ದರು.

ಆ ವರ್ಷ ದೀಪಾವಳಿಗೆ ಹೋದಾಗ ನಾನು ಕಣ್ಣೀರಿನ ಕಥೆ ಹೇಳಿದೆ. ಉಳ್ಳಾಗಡ್ಡಿಯನ್ನು ನಿಂಬೆಹಣ್ಣು ಮಾಡಿ ಹೇಳಿದೆ, ಅದು ಇರಲಿ. ಟ್ಯೂಬು ತಿಳಿಯಾದದ್ದನ್ನು ಮುಷ್ಟಿ ಬಿಚ್ಚಿ ತೋರಿಸಿ ಹೇಳಿದೆ. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡು, ‘ಹಂಗಾರ ಕಣ್ಣಾಗಽ ಔಷಧ ಐತಿ ಅಂದಂಗಾತು’ ಎಂದರು. ಅಕ್ಕ ಮಾತ್ರ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

‘ಹಂಗಾರ ನಾವು ಅತ್ತಾಗೊಮ್ಮೆ ಜೀವ ಸಾಯತಾವೇನೋ ತಮ್ಮಾ?’

ನಾನು ನಕ್ಕೆ.

‘ನಗಬ್ಯಾಡೋ. ನೀರು ಸೋಸಿ ಕುಡಿಯೂ ಮಂದಿ ನಾವು’ ಎಂದಳು.

ಎರಡನೆಯ ಟ್ಯೂಬಿನ ಮಾತು ನಾನು ಎತ್ತಲಿಲ್ಲ. ಎತ್ತಿದ್ದರೆ ಕಥೆಯ ಸೊಗಸು ಕೆಡುತ್ತಿತ್ತು. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇಲ್ಲ.

ಅದಾಗಿ ಒಂದು ತಿಂಗಳಿಗೆ ಸುಗ್ಗಿ. ಕಣದಲ್ಲಿ ಭತ್ತ ತೂರುವಾಗ ಗಾಳಿ ತಿರುಗಿ, ತೆನೆಯ ಒಂದು ಸಣ್ಣ ಮುಳ್ಳು ಅಕ್ಕನ ಬಲಗಣ್ಣಿಗೆ ಹೊಕ್ಕಿತು. ಅತ್ತೆ ಸೆರಗು ಉಂಡೆ ಮಾಡಿ, ಬಾಯಿಯಿಂದ ಊದಿ ಬೆಚ್ಚಗೆ ಮಾಡಿ ಒತ್ತಿದರು. ಮುಳ್ಳೇನೋ ಹೊರಬಂತು, ಕೆಂಪು ಹೋಗಲಿಲ್ಲ. ನಾಲ್ಕನೆಯ ದಿನ ಭಾವ ಅಕ್ಕನನ್ನು ರೈಲಿನಲ್ಲಿ ಬೆಳಗಾವಿಗೆ ಕರೆತಂದರು. ಬೆಳಕಿಗೆ ಕಣ್ಣು ತೆರೆಯಲಾರದೆ ಅವಳು ತಲೆಯ ತುಂಬ ಸೆರಗು ಹೊದ್ದುಕೊಂಡಿದ್ದಳು. ಸೆರಗಿನ ಆ ಭಾಗವೆಲ್ಲ ನೆನೆದಿತ್ತು.

ಡಾಕ್ಟರು ಮಸೂರ ಹಿಡಿದು ನೋಡಿದರು. ಕಪ್ಪುಗುಡ್ಡೆಯ ಮೇಲೆ ಬೂದಿಯ ಬಣ್ಣದ ಒಂದು ಚುಕ್ಕಿ. ‘ಹುಣ್ಣ ಆಗೈತವ್ವಾ. ಇನ್ನೂ ಸಣ್ಣದೈತಿ. ಇಲ್ಲೇ ಇರ್ರಿ ಹದಿನೈದು ದಿವಸ’ ಎಂದರು. ಭಾವ ಕೈ ಹಿಸುಕಿಕೊಂಡರು. ಭತ್ತ ಕಣದಲ್ಲೇ ಬಿದ್ದಿತ್ತು, ಅಕಾಲದ ಮೋಡ ಕಟ್ಟಿತ್ತು, ಮನೆಯಲ್ಲಿ ಇದ್ದವರು ವಯಸ್ಸಾದ ಅತ್ತೆ ಒಬ್ಬರೇ. ಅಕ್ಕನೇ, ‘ನಾ ಇಲ್ಲಿ ಕುಂತು ಏನ ಮಾಡಲಿ, ಔಷಧ ಕೊಡ್ರಿ, ಮನ್ಯಾಗ ಹಾಕ್ಕೋತೀನಿ’ ಎಂದಳು. ಆಗ ನಾನು ಮುಂದೆ ಬಂದೆ. ಸೂಟಿ ಹಾಕಿ ಜತೆಗೆ ಹೋಗುತ್ತೇನೆ, ನಾನೇ ನಿಂತು ನೋಡಿಕೊಳ್ಳುತ್ತೇನೆ ಎಂದೆ. ಡಾಕ್ಟರು ಒಪ್ಪಿದ್ದು ನನ್ನ ಮುಖ ನೋಡಿ.

ನನ್ನೊಬ್ಬನನ್ನೇ ಒಳಗೆ ಕರೆದು ಎರಡು ಸೀಸೆ ಕೊಟ್ಟರು. ಒಂದು ಕಂದು ಬಣ್ಣದ್ದು, ಒಂದು ನೀರಿನಂತಿದ್ದದ್ದು. ‘ಎರಡ ತಾಸಿಗೊಮ್ಮೆ. ಹಗಲೂ ಹಾಕಬೇಕು, ರಾತ್ರೀನೂ ಎಬ್ಬಿಸಿ ಹಾಕಬೇಕು. ರಾತ್ರಿ ತಪ್ಪಿಸಿದ್ರ ಹಗಲ ಹಾಕಿದ್ದು ನೀರಪಾಲು. ತಿಳೀತಿಲ್ಲೋ?’ ಎಂದರು. ‘ತಿಳೀತ್ರಿ’ ಎಂದೆ.

ಖಾನಾಪುರ ಮುಟ್ಟಿದ ದಿನ ಮಧ್ಯಾಹ್ನ ಮೊದಲ ಹನಿ ನಾನೇ ಹಾಕಿದೆ. ಅಕ್ಕ ಗೋಡೆಗೆ ಒರಗಿ ತಲೆ ಮೇಲೆತ್ತಿದ್ದಳು. ಸ್ವಲ್ಪ ಹೊತ್ತಿಗೆ ಮುಖ ಕಿವಿಚಿದಳು. ‘ಏನೋ ಇದು, ಕಣ್ಣಿಗೆ ಹಾಕಿದ್ದು ಗಂಟಲಾಗ ಕಹಿ ಬರತೈತಿ?’ ಎಂದಳು. ಕಣ್ಣಿನ ಮೂಲೆಯಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಸಣ್ಣ ಹಾದಿ ಇದೆ, ಕಣ್ಣೀರು ಅತ್ತಲೂ ಇಳಿಯುತ್ತದೆ, ಅದಕ್ಕೇ ಅಳುವಾಗ ಮೂಗು ಸೋರುವುದು ಎಂದು ನಾನು ದೊಡ್ಡದಾಗಿ ವಿವರಿಸಿದೆ. ತಿಳಿದವನಂತೆ ಮಾತಾಡುವ ಅವಕಾಶ ಸಿಕ್ಕರೆ ನಾನು ಬಿಡುತ್ತಲೇ ಇರಲಿಲ್ಲ. ಅತ್ತೆ ಕೇಳಿಸಿಕೊಳ್ಳುತ್ತ ಕೂತಿದ್ದರು.

ಸಂಜೆ ಎಲ್ಲರ ಊಟವಾಯಿತು. ಹೊತ್ತು ಮುಳುಗಿತು. ಅತ್ತೆ ಬಾಯಿ ಮುಕ್ಕಳಿಸಿ ಬಂದು ಜಪಮಾಲೆ ಹಿಡಿದರು. ನಾನು ಸೀಸೆ ತೆಗೆದುಕೊಂಡು ಅಕ್ಕನ ಹತ್ತಿರ ಹೋದೆ. ಅಕ್ಕ ನನ್ನ ಕೈ ಹಿಡಿದಳು.

‘ಇದು ಗಂಟಲಿಗೆ ಇಳಿತೈತಲ್ಲೋ. ಹೊತ್ತು ಮುಳುಗೈತಿ.’

ಹುಟ್ಟಿದಾಗಿನಿಂದ ಅವಳು ಆ ನೇಮ ಮುರಿದವಳಲ್ಲ. ಜ್ವರದಲ್ಲಿ ಬಾಯಿ ಒಣಗಿ ಬಿರಿದಾಗಲೂ ಬೆಳಗಿನವರೆಗೆ ಕಾದವಳು. ಅವಳು ಅತ್ತೆಯ ಕಡೆ ನೋಡಿದಳು, ಅತ್ತೆ ನನ್ನ ಕಡೆ ನೋಡಿದರು. ‘ನೀ ತಿಳದಾಂವ ಅದಿ ತಮ್ಮಾ. ಹಾಕಬೇಕೇನು? ಹಾಕದಿದ್ರ ನಡೀತೈತೇನು?’ ಎಂದರು. ಭಾವನೂ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು.

ಹಾಕಲೇಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತದೆ ಎನ್ನಬೇಕಿತ್ತು. ಎರಡು ಮಾತು. ಆದರೆ ಆ ನೇಮದಲ್ಲೇ ಬೆಳೆದವನು ನಾನು. ಅಕ್ಕನ ನೇಮ ನನ್ನ ಬಾಯಿಂದ ಮುರಿಯುವುದೆಂದರೆ ನನಗೆ ನಾಲಿಗೆ ಏಳಲಿಲ್ಲ. ಅದರ ಮೇಲೆ, ನನ್ನ ಹತ್ತಿರ ಒಂದು ಸೊಗಸಾದ ಉತ್ತರವೂ ಇತ್ತು.

‘ರಾತ್ರಿ ಬ್ಯಾಡ ಬಿಡ್ರಿ’ ಎಂದೆ. ‘ಹಗಲ ಹಾಕೂಣು. ರಾತ್ರಿ ಕಣ್ಣೀರು ಇರತೈತಲ್ಲ. ದೀಪಾವಳಿಗೆ ಹೇಳಿದ್ದಿಲ್ಲೇನು? ಕಣ್ಣೀರಽ ಔಷಧ.’

ಎಲ್ಲರ ಮುಖ ಹಗುರಾಯಿತು. ಅಕ್ಕ ನನ್ನ ತಲೆ ಸವರಿದಳು. ಅವತ್ತು ನನಗೂ ಒಳ್ಳೆಯ ನಿದ್ದೆ ಬಂತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ನಾಲ್ಕು ದಿನ ಇದ್ದು ಬೆಳಗಾವಿಗೆ ಮರಳಿದೆ. ಕೋಟು ಕಳಚುವ ಮುಂಚೆಯೇ ಡಾಕ್ಟರು ಕೇಳಿದರು. ‘ಹೆಂಗೈತಿ ನಿಮ್ಮ ಅಕ್ಕಂದು? ರಾತ್ರಿ ಹಾಕತಾರಿಲ್ಲೋ?’

‘ಹಾಕತಾರ್ರಿ’ ಎಂದೆ.

ಒಂದು ವಾರ ಆಗಿರಬೇಕು. ಭಾವ ಅಕ್ಕನನ್ನು ಮತ್ತೆ ಕರೆತಂದರು. ಈ ಸಲ ಅವಳು ನೋವಿಗೆ ಕೂರಲಾರದೆ ರೈಲಿನಲ್ಲಿ ನಿಂತೇ ಬಂದಿದ್ದಳಂತೆ. ರೆಪ್ಪೆ ಬಿಡಿಸಿದಾಗ ನಾನೂ ನೋಡಿದೆ. ಚುಕ್ಕಿ ಕಪ್ಪುಗುಡ್ಡೆಯ ಅರ್ಧಕ್ಕೆ ಹಬ್ಬಿತ್ತು. ಅದರ ಹಿಂದೆ, ಕಣ್ಣಿನ ಒಳಗೇ, ಕೀವು ಬಟ್ಟಲಿನ ತಳದಲ್ಲಿ ನಿಂತ ಮಜ್ಜಿಗೆಯಂತೆ ನಿಂತಿತ್ತು. ಡಾಕ್ಟರು ಯಾರನ್ನೂ ಏನೂ ಕೇಳಲಿಲ್ಲ. ಮರಗಟ್ಟುವ ಹನಿ ಹಾಕಿ, ತಂತಿ ಕಾಯಿಸಿ ಹುಣ್ಣಿನ ಅಂಚು ಸುಟ್ಟರು. ತಲೆ ಅಲುಗದಂತೆ ಹಿಡಿದುಕೊಂಡವನು ನಾನು. ಅಕ್ಕ ಒಂದೂ ಸದ್ದು ಮಾಡಲಿಲ್ಲ. ನನ್ನ ಕಣ್ಣೀರು ಅವಳ ಹಣೆಯ ಮೇಲೆ ಬೀಳುತ್ತಿತ್ತು. ‘ಕಣ್ಣ ಒರಸ್ಕೊಂಡು ತಲಿ ಗಟ್ಟಿ ಹಿಡಿ’ ಎಂದು ಡಾಕ್ಟರು ಬೈದರು.

ಕಣ್ಣು ಉಳಿಯಲಿಲ್ಲ. ಕೀವು ಆರಿತು, ನೋವು ಇಳಿಯಿತು, ಕಪ್ಪುಗುಡ್ಡೆಯ ಮೇಲೆಲ್ಲ ಬಿಳಿ ಹೂವು ಕೂತಿತು. ಆಮೇಲೆ ಒಂದು ದಿನ, ಪ್ರಯೋಗಾಲಯದಲ್ಲಿ ಇಬ್ಬರೇ ಇದ್ದಾಗ, ನಾನು ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ರಾತ್ರಿ ಹಾಕದೆ ಇದ್ದದ್ದು, ಹಾಕುತ್ತಾರೆ ಎಂದು ಸುಳ್ಳು ಹೇಳಿದ್ದು, ಕಣ್ಣೀರಿನ ಮಾತು. ಅವರು ಸೂಕ್ಷ್ಮದರ್ಶಕದ ಗಾಜು ಒರೆಸಿ ಕೆಳಗಿಟ್ಟರು.

‘ನಿನ್ನ ಅಕ್ಕನ ಕಣ್ಣಿನ ಕೀವು ನಾ ನೋಡೀನಿ. ಅದಽ ಜಾತಿ ಕ್ರಿಮಿ, ನಿನ್ನ ಎರಡನೇ ಟ್ಯೂಬಿಂದು’ ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. ‘ಹಾಕಿದ್ರ ಉಳೀತಿತ್ತು ಅಂತ ನಾ ಹೇಳೂದಿಲ್ಲಪಾ. ನನ್ನ ಔಷಧಕ್ಕೂ ಅಂವ ಎಷ್ಟೋ ಸಲ ಬಗ್ಗಿಲ್ಲ. ಹೇಳಾಕ ಬರೂದಿಲ್ಲ.’

ಹೇಳಾಕ ಬರೂದಿಲ್ಲ. ಈ ಎರಡು ಮಾತನ್ನು ಹಿಡಿದುಕೊಂಡೇ ನಾನು ಮುಂದಿನ ದಿನಗಳನ್ನು ತಳ್ಳಿದೆ.

ಖಾನಾಪುರಕ್ಕೆ ಹೋದಾಗ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ‘ಕಣ್ಣು ಹೋಗತೈತಿ ಅಂತ ನೀ ಒಂದು ಮಾತು ಅಂದಿದ್ರ, ರಾತ್ರಿ ನಾನಽ ಎದ್ದು ಹಾಕತಿದ್ದೆ ಯಪ್ಪಾ. ರೋಗಕ್ಕ ನೇಮ ಸಡಲ ಮಾಡಾಕ ಬರತೈತಿ. ನೀನಽ ಬ್ಯಾಡ ಅಂದಿ, ನಾವು ಸುಮ್ಮನಾದಿವಿ’ ಎಂದರು. ಅವರಿಗೂ ಅಳು ಬಂತು. ಅವರು ಅಳುವುದನ್ನು ನೋಡುತ್ತ ನಿಂತೆ. ಇನ್ನೇನು ಮಾಡಲಿ?

ಆದರೆ ನನ್ನನ್ನು ಪೂರ್ತಿ ಮುರಿದದ್ದು ಅಕ್ಕನ ಮಾತು. ಮೊರವನ್ನು ಎಡಕ್ಕೆ ತಿರುಗಿಸಿಟ್ಟುಕೊಂಡು ಒಂದು ಕಣ್ಣಿನಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಣ್ಣಿಗಿಂತ ಬೆರಳನ್ನೇ ನಂಬಿ ಒಂದೊಂದು ಕಾಳು ಸರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು:

‘ನನ್ನಽ ತಪ್ಪೋ ತಮ್ಮಾ. ನೀ ಹೇಳಿದ್ದಿ, ಕಣ್ಣೀರು ಔಷಧ ಅಂತ. ನೋವಿನ ನೀರು ಬರತಿತ್ತು, ಅಳೂ ನೀರು ಬರಲಿಲ್ಲ. ದಿನಾ ಮಲಗಿದಾಗ ಅಳಾಕ ನೋಡಿದೆ. ಅವ್ವನ್ನ ನೆನಸಿದೆ, ಮುಖಾನಽ ನೆನಪಾಗಲಿಲ್ಲ. ನೀ ನೌಕರಿ ಹಿಡದಿದ್ದಿ, ಮನಿ ತುಂಬ ಭತ್ತ ಬಂದಿತ್ತು, ಅತ್ತಿ ಪ್ರೀತಿ ಮಾಡತಾರ. ಯಾವುದಕ್ಕ ಅಳಲಿ? ಸಾಕಷ್ಟು ಅಳಾಕ ಆಗಲಿಲ್ಲ ನೋಡು.’

ಆಗಲೇ ಹೇಳಬೇಕಿತ್ತು. ನಿನ್ನ ತಪ್ಪಲ್ಲ, ನೀನು ಹೊಳೆಯಷ್ಟು ಅತ್ತಿದ್ದರೂ ಆ ಕ್ರಿಮಿ ಸಾಯುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು ಎನ್ನಬೇಕಿತ್ತು. ಬಾಯಿ ತೆರೆದೆ. ‘ಹಂಗೇನಿಲ್ಲ ಬಿಡಕ್ಕಾ’ ಎಂದಷ್ಟೇ ಬಂತು. ಅದು ಸಮಾಧಾನದ ಮಾತು ಎಂದು ಅವಳು ತಿಳಿದಳು.

ಎರಡು ಮಳೆಗಾಲ ಕಳೆದವು. ಮೂರನೆಯ ಬೇಸಿಗೆಯಲ್ಲಿ ಭಾವನ ಕಾಗದ ಬಂತು. ಅಕ್ಕನ ಎಡಗಣ್ಣು ಕೆಂಪಾಗಿದೆ, ನೀರು ಸುರಿಯುತ್ತಿದೆ. ಉಳಿದದ್ದು ಅದೊಂದೇ ಕಣ್ಣು. ಡಾಕ್ಟರು ಆ ದಿನ ಊರಲ್ಲಿರಲಿಲ್ಲ. ಹಳೆಯ ಚೀಟಿ ತೋರಿಸಿ, ಕೈಕಾಲು ಹಿಡಿದು ಕಂಪೌಂಡರನಿಂದ ಅವೇ ಎರಡು ಸೀಸೆ ತೆಗೆದುಕೊಂಡು ಸಿಕ್ಕ ರೈಲು ಹತ್ತಿದೆ. ಖಾನಾಪುರದಲ್ಲಿ ಇಳಿದು ನಂದಗಡದ ಹಾದಿಯಲ್ಲಿ ಓಡುವಾಗ ಹೊತ್ತು ಇಳಿಯುತ್ತಿತ್ತು. ನಾನು ಸೂರ್ಯನನ್ನು ನೋಡುತ್ತಲೇ ಓಡಿದೆ. ಅಂಗಳ ಮುಟ್ಟುವ ಹೊತ್ತಿಗೆ ಅದು ಮುಳುಗಿತ್ತು.

ಅಕ್ಕ ಅದೇ ಗೋಡೆಗೆ ಒರಗಿ ಕೂತಿದ್ದಳು. ಸೀಸೆ ಕಂಡು ನಕ್ಕಳು.

‘ಇಷ್ಟ ಓಡಿ ಬರೂದ ಏನಿತ್ತೋ. ಈಗ ಬ್ಯಾಡ, ಮುಂಜಾನೆ ಹಾಕು. ಈ ಸಲ ನನಗ ಅಳಾಕ ಬರತೈತಿ. ಒಂದು ಕಣ್ಣು ಹೋದದ್ದು ನೆನಸಿದ್ರ ಸಾಕು, ಬೇಕಾದಷ್ಟು ಬರತೈತಿ. ನೀನಽ ಹೇಳಿದ್ದಿಯಲ್ಲ, ಕಣ್ಣೀರಽ ಔಷಧ ಅಂತ.’

ಎರಡು ವರ್ಷ ಅವಳು ನನ್ನ ಆ ಮಾತನ್ನು ಹಾಗೇ ಇಟ್ಟುಕೊಂಡಿದ್ದಳು.

ನಾನು ಅವಳ ಮುಂದೆ ಕೂತು ಎಲ್ಲ ಹೇಳಿದೆ. ಎರಡು ಟ್ಯೂಬು ಇದ್ದವು ಎಂದೆ. ಒಂದು ತಿಳಿಯಾಯಿತು, ಇನ್ನೊಂದು ಆಗಲಿಲ್ಲ, ಆಗದ್ದನ್ನು ನಾನು ನಿಮಗೆ ಯಾರಿಗೂ ಹೇಳಲಿಲ್ಲ ಎಂದೆ. ನಿನ್ನ ಕಣ್ಣಿಗೆ ಬಂದದ್ದು ಆ ಎರಡನೆಯದು ಎಂದೆ. ರಾತ್ರಿ ಹಾಕಲೇಬೇಕು ಎಂದು ಡಾಕ್ಟರು ಹೇಳಿದ್ದರು, ಅದನ್ನು ನುಂಗಿದವನು ನಾನು ಎಂದೆ. ಹಾಗೆ ಹೇಳುತ್ತಲೇ ನನ್ನನ್ನು ಉಳಿಸಿಕೊಳ್ಳುವ ಮಾತನ್ನೂ ಸೇರಿಸಿದೆ: ‘ಹಾಕಿದ್ರೂ ಉಳೀತಿತ್ತು ಅಂತ ಹೇಳಾಕ ಬರೂದಿಲ್ಲ ಅಂದಾರಕ್ಕಾ ಡಾಕ್ಟರು.’

ಅತ್ತೆ ಜಪಮಾಲೆ ಕೆಳಗಿಟ್ಟರು.

‘ಹಂಗಾರ ನಾ ಅಳಲಿಲ್ಲ ಅಂತ ಹೋಗಲಿಲ್ಲ’ ಎಂದಳು ಅಕ್ಕ.

‘ಇಲ್ಲಕ್ಕಾ.’

‘ಹೇಳಾಕ ಬರೂದಿಲ್ಲ ಅಂದಾರ.’

‘ಹೂಂ.’

‘ಹಾಕು’ ಎಂದು ತಲೆ ಹಿಂದಕ್ಕೆ ಚೆಲ್ಲಿದಳು. ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ಮೂವತ್ತೈದರ ಹತ್ತಿರ ಬಂದ ಹೆಂಗಸು, ಜೀವಮಾನದಲ್ಲಿ ಮೊದಲ ಸಲ ಹೊತ್ತು ಮುಳುಗಿದ ಮೇಲೆ ಏನನ್ನೋ ನುಂಗಿದಳು. ‘ಅದಽ ಕಹಿ’ ಎಂದಳು. ಬೆಳಗಿನವರೆಗೆ ಎರಡು ತಾಸಿಗೊಮ್ಮೆ ಹಾಕಿದೆವು. ಅತ್ತೆಯೇ ದೀಪ ಹಿಡಿದರು.

ಮರುದಿನ ಬೆಳಗಿನ ರೈಲಿಗೆ ಬೆಳಗಾವಿಗೆ ಬಂದೆವು. ಡಾಕ್ಟರು ಊರಿನಿಂದ ಬಂದಿದ್ದರು. ಮಸೂರ ಹಿಡಿದು ನೋಡಿದರು, ರೆಪ್ಪೆ ಮಗುಚಿ ನೋಡಿದರು. ಅಕ್ಕನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು.

‘ಏನೂ ಇಲ್ಲೋ ಮಾರಾಯಾ. ಮಾಮೂಲಿ ಕಣ್ಣಬ್ಯಾನಿ, ಊರಿಗೆಲ್ಲಾ ಬಂದೈತಿ. ಹುಣ್ಣೂ ಇಲ್ಲ, ಕೀವೂ ಇಲ್ಲ. ನಿನ್ನ ಔಷಧ ಇಲ್ಲದಿದ್ರೂ ಇಳೀತಿತ್ತು. ಇದಕ್ಕ ಆಕಿ ಕಣ್ಣೀರಽ ಸಾಕಿತ್ತು’ ಎಂದರು.

ನಾನು ಹೊರಗೆ ಬಂದೆ. ಅಕ್ಕ ಬೆಂಚಿನ ಮೇಲೆ, ಬೆಳಕಿಗೆ ಬೆನ್ನು ಮಾಡಿ ಕೂತಿದ್ದಳು. ‘ಏನಂದ್ರು?’ ಎಂದು ಕೇಳಿದಳು. ಸುಮ್ಮನೆ ನೇಮ ಮುರಿದೆ ಎಂದು ಅವಳಿಗೆ ಹೇಗೆ ಹೇಳಲಿ? ಮೊದಲ ಸಲ ನೇಮ ಉಳಿಸಿ ಕಣ್ಣು ಕಳೆದಿದ್ದೆ, ಈಗ ಕಣ್ಣಿಗೆ ಏನೂ ಆಗದಿದ್ದರೂ ನೇಮ ಕಳೆದಿದ್ದೆ. ಅವಳ ಮನಸ್ಸಿಗೆ ಸಮಾಧಾನವಾಗಲಿ ಎಂದು, ದೇವರಾಣೆಗೂ ಅಷ್ಟಕ್ಕೇ, ಬಾಯಿಗೆ ಬಂದದ್ದು ಹೇಳಿದೆ.

‘ರಾತ್ರಿ ಹಾಕಿದ್ದು ಚಲೋ ಆತು ಅಂದ್ರಕ್ಕಾ. ಅದಕ್ಕಽ ಕಣ್ಣು ಉಳೀತಂತ.’

ಅಕ್ಕ ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡಳು. ಹೂವು ಕೂತ ಕಣ್ಣಿನಿಂದಲೂ ನೀರು ಬರುತ್ತಿತ್ತು.

‘ಹಂಗಾರ ಆವಾಗಲೂ ಹಾಕಿದ್ರ ಉಳೀತಿತ್ತು ಬಿಡು’ ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಇಷ್ಟು ದಿನ ತಿಳಿಯದೆ ಇದ್ದದ್ದು ಈಗ ತಿಳಿಯಿತು ಎನ್ನುವ ಹಾಗೆ ಹೇಳಿ, ಏಳಲು ನನ್ನ ಕಡೆ ಕೈ ಚಾಚಿದಳು. ನಾನು ಕೈ ಹಿಡಿದು ಅವಳನ್ನು ಎಬ್ಬಿಸಿದೆ.